ಎರಡು ದಿನದ ಹೆಣ

ನಾನೂ ಒಮ್ಮೆ ಹೆಣವಾಗಿದ್ದೆ, ಎರಡು ದಿನ.
ಕೂಲಿ ಮೂರು ಡಾಲರು, ಮೇಲೊಂದು ಹ್ಯಾಮ್ ಸ್ಯಾಂಡ್‌ವಿಚ್ಚು.
ನಗಬೇಡ ಡೆಲ್ಮರ್, ಕಾಫಿ ಚೆಲ್ಲುತ್ತದೆ.
ಎಪ್ಪತ್ತಮೂರರ ಬೇಸಿಗೆ, ಮನಾಂಗಹೀಲಾ ದಂಡೆ,
ಯಾರೋ ಹುಡುಗರು ಸಾಲ ಮಾಡಿ ಕ್ಯಾಮೆರಾ ತಂದಿದ್ದರು.
ಆ ಸಿನಿಮಾ ಯಾವ ಟಾಕೀಸಿಗೂ ಬರಲಿಲ್ಲ.
ಸತ್ತದ್ದು ಏಳಲೇ ಇಲ್ಲ ಅನ್ನು.

ಅದಕ್ಕೇ ಹೇಳುತ್ತೇನೆ, ಅನುಭವದ ಮಾತು:
ಹೆಣ ಓಡಬಾರದು.
ಈಗಿನವು ಓಡುತ್ತವೆ, ಗೋಡೆ ಹತ್ತುತ್ತವೆ,
ಮೊಮ್ಮಗ ಹಾಕಿದ್ದರಲ್ಲಿ ಒಂದು
ಮೋಟಾರ್‌ಸೈಕಲ್ಲನ್ನೇ ಹಿಂದೆ ಹಾಕಿತು.
ಅಷ್ಟು ಚುರುಕಿದ್ದರೆ ಸತ್ತದ್ದೇಕೆ?
ನಿಧಾನ ಬರಬೇಕು. ಬಾಗಿಲು ಹಾಕಲು,
ಮೊಳೆ ಹೊಡೆಯಲು, ಸಿಗರೇಟು ಹಚ್ಚಲು
ಪುರುಸೊತ್ತು ಕೊಡಬೇಕು;
ಒಳಗಿರುವವರೇ ಒಬ್ಬರನ್ನೊಬ್ಬರು
ತಿಂದು ಮುಗಿಸುವಷ್ಟು.

ಹಗರಣಕ್ಕೂ ಅದೇ ಮಾತು.
ಈಗ ತಿಂಡಿಗೊಂದು, ಊಟಕ್ಕೊಂದು,
ಹೆಸರು ಬಾಯಿಗೆ ಬರುವಷ್ಟರಲ್ಲಿ ಹಳಸಿರುತ್ತದೆ.
ಆಗ ಒಂದನ್ನೇ ಬೇಸಿಗೆಯಿಡೀ
ಸಣ್ಣ ಉರಿಯಲ್ಲಿ ಬೇಯಿಸಿ ಬಡಿಸಿದರು.

ಚರ್ಚಿನ ನೆಲಮಾಳಿಗೆಯಲ್ಲಿ ನಮಗೆ ಬಣ್ಣ.
ಬಳಿದವನು ಹೆಣ ಸಿಂಗರಿಸುವ ಆರ್ನಿ ಪೋಲ್ಚೆಕ್,
'ಇವು ಅಲುಗಾಡುತ್ತವಲ್ಲ' ಎಂದು ಗೊಣಗುತ್ತ.
ಇಪ್ಪತ್ತಾರು ಹೆಣ, ಒಂದೇ ಟೀವಿ,
ಟೀವಿಯಲ್ಲಿ ವಾಟರ್‌ಗೇಟಿನ ವಿಚಾರಣೆ.
ಕೆನ್ನೆ ಹರಿದವಳು ಆಂಟೆನಾ ಹಿಡಿದು ನಿಂತಳು,
ಕರುಳು ಜೋತವನು 'ಶ್' ಅಂದ.
ಪ್ರಶ್ನೆ. ಕನ್ನಡಕ ಒರೆಸುವುದು. ವಕೀಲನ ಪಿಸುಮಾತು.
ನೆನಪಿಲ್ಲ, ಸೆನೆಟರ್.
ಕುಂಬಳಕಾಯಿ ಕಳ್ಳ ಅಂದಾಗ
ಯಾವ ಸೂಟು ಹೆಗಲು ಮುಟ್ಟಿಕೊಳ್ಳುತ್ತದೆ,
ಪೆನ್ನಿಗೆ ಪೆನ್ನಿ ಬಾಜಿ ಕಟ್ಟಿದೆವು.
ನಿರ್ದೇಶಕ ಬಂದು ಮೂರು ಸಲ ಕೂಗಿದ:
ಹೆಣಗಳೇ, ಬಿಸಿಲು ಹೋಗ್ತಿದೆ!
ಒಬ್ಬರೂ ಏಳಲಿಲ್ಲ.

ಮಂಚದ ಹಗರಣ ನನಗೆ ಬೇಡ.
ಆದರೂ ಗಂಡ ಕ್ಷಮೆ ಕೇಳುವಾಗ ಪಕ್ಕದಲ್ಲಿ
ನೀಲಿ ಕೋಟು ತೊಟ್ಟು ನಿಲ್ಲುತ್ತಾಳಲ್ಲ,
ಆಕೆಯ ಮುಖ ನೋಡು.
ಆರ್ನಿಗೂ ಅಷ್ಟು ಚೆನ್ನಾಗಿ ಬಳಿಯಲು ಬರುತ್ತಿರಲಿಲ್ಲ.

ತಲೆಗೆ ಹೊಡೆದರೆ ಸಾಯುತ್ತದೆ,
ಸಿನಿಮಾದಲ್ಲಿ ಇರುವುದು ಅದೊಂದೇ ಕಾನೂನು.
ವಾಷಿಂಗ್ಟನ್ನಿನಲ್ಲೂ ತಲೆ ಉರುಳಿತು, ಒಪ್ಪುತ್ತೇನೆ.
ತಿಂಗಳು ತುಂಬುವಷ್ಟರಲ್ಲಿ ಕ್ಷಮೆಯೂ ಸಿಕ್ಕಿತು.
ನಮ್ಮ ಕೌಂಟಿಯ ಲೆಸ್ಟರ್ ವಿಡ್ಮರನದು ಇನ್ನೂ ಸಲೀಸು:
ಸೇತುವೆಯ ಬಣ್ಣದ ದುಡ್ಡಲ್ಲಿ ದೋಣಿ ಕೊಂಡ,
ಹದಿನಾಲ್ಕು ತಿಂಗಳು ಒಳಗಿದ್ದ,
ಬಂದ, ನಿಂತ, ಗೆದ್ದ.
ಓಟು? ನಾನೇ ಹಾಕಿದೆ.
ಹಾಗೆ ನೋಡಬೇಡ.
ತಂಗಿ ಸ್ಟೆಲ್ಲಾಗೆ ಡಯಾಲಿಸಿಸ್ ನಡೆದ ಚಳಿಗಾಲ
ನಸುಕಿನಲ್ಲೇ ನಮ್ಮ ಬೀದಿಯ ಹಿಮ ತೆಗೆಸಿದವನು ಅವನು.
ಸೇತುವೆ ಇವತ್ತಿಗೂ ತುಕ್ಕು.
ಎರಡೂ ನಿಜ.

ಏನು ಹೇಳುತ್ತಿದ್ದೆ? ಹಾಂ, ಬಸ್ಸು.
ಎರಡನೆಯ ದಿನ ಬಣ್ಣ ತೊಳೆಯಲು ನೀರಿರಲಿಲ್ಲ,
ಹಾಗೇ ಹತ್ತಿದೆ, ಹಣೆಯಲ್ಲಿ ತೂತು,
ಗದ್ದದ ಮೇಲೆ ಒಣಗಿದ ಚಾಕೊಲೇಟು ರಕ್ತ.
ಡ್ರೈವರು ತಲೆಯೆತ್ತಲಿಲ್ಲ,
ಚಿಲ್ಲರೆ ಡಬ್ಬಿಗೆ ಹಾಕು ಅಂದ.
ಒಳಗೆ ಪಾಳಿ ಮುಗಿಸಿದ ಉಕ್ಕಿನ ಕಾರ್ಖಾನೆಯವರು,
ಮಸಿ ಮೆತ್ತಿದ ಮುಖ, ಬಾಯಿ ತೆರೆದು ನಿದ್ದೆ.
ನಾನು ಬೇರೆಯವಳೆಂದು
ಯಾರಿಗೂ ಅನ್ನಿಸಲಿಲ್ಲ.
ಒಬ್ಬ ಮಾತ್ರ ಎದ್ದು ಜಾಗ ಬಿಟ್ಟ,
ಊಟದ ಡಬ್ಬಿ ಕಂಕುಳಿಗೆ ಸಿಕ್ಕಿಸಿಕೊಂಡು ಕೇಳಿದ:
ಇವತ್ತು ಟೀವಿಯಲ್ಲಿ ಏನಂದನಂತೆ?
ನೆನಪಿಲ್ಲ, ಅಂದೆ.
ಅವನು ನಕ್ಕ, ಹಲ್ಲಷ್ಟೇ ಬಿಳಿ.
ತಮಾಷೆ ಅಂದುಕೊಂಡನೋ, ಸುದ್ದಿ ಅಂದುಕೊಂಡನೋ,
ಮುಂದಿನ ನಿಲ್ದಾಣದಲ್ಲಿ ಇಳಿದುಹೋದ.

ಬಿಲ್ಲು ಕೊಡು, ಡೆಲ್ಮರ್.